ಆ ಸಣ್ಣ ಕುಡುಗೋಲು

ನಮ್ಮ ಮನೆಯಲ್ಲಿ ಹರಿತವಾದದ್ದನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ. ಕುಡುಗೋಲಿರಲಿ, ಕೊಡಲಿಯಿರಲಿ, ಅಡುಗೆಮನೆಯ ಚಾಕುವೇ ಇರಲಿ, ಅದನ್ನು ನೆಲದ ಮೇಲೆ ಇಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಹತ್ತುತ್ತದೆ ಎಂಬುದು ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಕಟ್ಟುನಿಟ್ಟಿನ ಮಾತು. ಇಷ್ಟು ಎಚ್ಚರ ವಹಿಸಿದರೂ ನಮ್ಮ ಮನೆಯಲ್ಲಿ ಜಗಳಕ್ಕೇನೂ ಬರ ಇರಲಿಲ್ಲ. ಅದರಲ್ಲಿ ಮುಕ್ಕಾಲು ಪಾಲನ್ನು ಆಯಿಯೇ ಹಚ್ಚುತ್ತಿದ್ದಳು. ಆದರೂ ರೂಢಿ ಎಂಬುದು ಬಿಡುವುದಿಲ್ಲ ನೋಡಿ. ಈ ವಯಸ್ಸಿನಲ್ಲೂ, ಜಹೀರಾಬಾದಿನ ಮಗಳ ಮನೆಯಲ್ಲಿ, ಟೊಮ್ಯಾಟೊ ಹೆಚ್ಚಿದ ಚಾಕುವನ್ನು ನಾನು ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಮಗಳು ಮಂಗಲಾ ಅದನ್ನು ನೋಡಿ ನಗುತ್ತಾಳೆ.

ಈ ಸಲ ದಸರೆಗೆ ಸ್ವಲ್ಪ ಮೊದಲು ಮಂಗಲಾಳ ಮಗಳು ಶ್ರೇಯಾಳ ಹೆಸರಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಬೆರಳುದ್ದದ ಮಡಿಚುವ ಚಾಕು. ಗುಂಡಿ ಒತ್ತಿದರೆ ಟಕ್ಕೆಂದು ತೆರೆದುಕೊಳ್ಳುತ್ತದೆ. ಶ್ರೇಯಾ ಊರೊಳಗಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ದೀಪ ಹಚ್ಚುವ ಹೊತ್ತಿಗೆ ಶೇರ್ ಆಟೋ ಇಳಿದು ನಮ್ಮ ಗಲ್ಲಿಯಲ್ಲಿ ನಡೆದು ಬರುತ್ತಾಳೆ. ಕೆಲವು ದಿನಗಳಿಂದ ಒಬ್ಬ ಬೈಕಿನವನು ಅವಳ ನಡಿಗೆಗೆ ಸರಿಯಾಗಿ ಗಾಡಿ ನಿಧಾನ ಮಾಡಿಕೊಂಡು ಹಿಂದೆ ಹಿಂದೆಯೇ ಬರುತ್ತಿದ್ದನಂತೆ. ಠಾಣೆಗೆ ಹೋಗಿ ಬರೆಸಿಯೂ ಬಂದಿದ್ದಳು. ಆದರೂ ಚಾಕು ತರಿಸಿದ್ದಳು, ನಮಗೆ ಯಾರಿಗೂ ಹೇಳದೆ.

“ನೌಕರಿ ಬಿಟ್ಟು ಮನ್ಯಾಗ ಕುಂದ್ರು” ಎಂದಳು ಮಂಗಲಾ.

“ಅವ ಬೈಕ್ ಮ್ಯಾಲ ಆರಾಮ ತಿರಗ್ತಾನ, ನಾ ಮನ್ಯಾಗ ಕುಂದರಬೇಕಾ? ನೌಕರಿ ಬಿಡಂಗಿಲ್ಲ. ಇದು ಬ್ಯಾಗಿನ್ಯಾಗ ಇರ್ತದ.”

“ಅವ್ವಾ, ನೀನರ ಹೇಳು” ಎಂದು ಮಗಳು ನನ್ನ ಕಡೆ ತಿರುಗಿದಳು.

ನಾನೇನು ಹೇಳಲಿ? ಎರಡೂ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ. ಬೇರೆ ಮನೆಯಲ್ಲಿ, ಬೇರೆಯವರ ಬಾಯಲ್ಲಿ, ಹೆಚ್ಚುಕಡಿಮೆ ಇದೇ ದಸರೆಯ ದಿನಗಳಲ್ಲಿ.

ನನ್ನ ತವರು ತೆಲುಗು ಸೀಮೆಯ ಅಂಚಿನ ಕಂಗ್ಟಿಯ ಕಡೆಯ ಒಂದು ಸಣ್ಣ ಹಳ್ಳಿ. ನಮ್ಮೂರ ಹೊಲಗಳಾಚೆ ಬೀದರಿನ ಸೀಮೆ. ಮನೆಯಲ್ಲಿ ಕನ್ನಡ, ಬಡಿಯಲ್ಲಿ, ಅಂದರೆ ಶಾಲೆಯಲ್ಲಿ, ತೆಲುಗು, ಬಸ್ಸಿನಲ್ಲಿ ಉರ್ದು. ಇದರಲ್ಲಿ ಯಾವುದೂ ವಿಶೇಷ ಎಂದು ನಮಗೆ ಅನ್ನಿಸುತ್ತಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆ, ಬಾಗಿಲು ದಾಟಿದರೆ ಅರ್ಧ ದನಗಳಿಗೆ, ಅರ್ಧ ನಮಗೆ. ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಮರದ ಗೂಟಗಳು. ದೊಡ್ಡ ಕೊಡಲಿಗೊಂದು ಗೂಟ, ಸಣ್ಣ ಕೊಡಲಿಗೊಂದು, ಕುಡುಗೋಲುಗಳಿಗೆ ಒಂದೊಂದು, ಕಾಡುಹಂದಿ ಬೆದರಿಸಲು ನಮ್ಮ ಅಜ್ಜ, ಮುತ್ಯಾ, ಇಟ್ಟುಕೊಂಡಿದ್ದ ಈಟಿಯಂಥ ಭರ್ಚಿಗೊಂದು. ಮುತ್ಯಾ ತೀರಿ ಎಷ್ಟೋ ವರ್ಷವಾಗಿತ್ತು, ಭರ್ಚಿ ಮಾತ್ರ ಅವನ ಪಾಲಿನ ಗೂಟವನ್ನು ಬಿಟ್ಟುಕೊಟ್ಟಿರಲಿಲ್ಲ. ಸಂಜೆ ಹೊಲದಿಂದ ಬಂದ ಅಪ್ಪ ಕಾಲು ತೊಳೆಯುವ ಮೊದಲು ಗೋಡೆಯ ಮೇಲೊಮ್ಮೆ ಕಣ್ಣಾಡಿಸುತ್ತಿದ್ದ. ಒಂದು ಗೂಟ ಖಾಲಿ ಇದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಮಾತು ಕಡಿಮೆಯ ಮನುಷ್ಯ. ನನಗೂ ತಮ್ಮನಿಗೂ ಅವನು ಹೇಳಿಕೊಟ್ಟದ್ದು ಒಂದೇ ಮಾತು.

“ಕಬ್ಬಣ ಎಲ್ಲರ ಕಣ್ಣಿಗೆ ಕಾಣೋ ಹಂಗ ಇರಬೇಕು. ಮುಚ್ಚಿ ಇಟ್ಟ ಕಬ್ಬಣ ಒಳ್ಳೇದಲ್ಲ.”

ಅವ್ವನದು ಬೇರೆಯೇ ದಾರಿ. ಅವಳು ಕೊಡಲಿ ಮುಟ್ಟುತ್ತಿರಲಿಲ್ಲ. ಕಟ್ಟಿಗೆ ಸೀಳುವುದಿದ್ದರೆ ಅಪ್ಪನ ದಾರಿ ಕಾಯುತ್ತಿದ್ದಳು, ಇಲ್ಲವೇ ಸಗಣಿಯ ಕುರುಳಲ್ಲೇ ಅಡುಗೆ ಮುಗಿಸುತ್ತಿದ್ದಳು. ಆ ಗೋಡೆಯ ಹತ್ತಿರ ಹಾದುಹೋಗುವಾಗಲೂ ಸೆರಗು ಎಳೆದುಕೊಂಡು ಸ್ವಲ್ಪ ಸರಿದೇ ಹೋಗುವಳು. ಅವ್ವನ ಅಣ್ಣ, ನಮ್ಮ ಮಾಮಾ, ನಾಗಲಗಿದ್ದದ ಹತ್ತಿರದ ಊರಿನವನು. ಅವನು ಬಂದಾಗ ಊಟಕ್ಕೆ ಉಳ್ಳಾಗಡ್ಡಿಯನ್ನು ಹೆಚ್ಚಿ ಕೊಟ್ಟರೆ ಒಲ್ಲೆ ಎನ್ನುತ್ತಿದ್ದ. ಇಡೀ ಗಡ್ಡೆಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನುತ್ತಿದ್ದ. ಮಕ್ಕಳಾದ ನಮಗೆ ಅದು ಗಂಡಸುತನದ ಲಕ್ಷಣವಾಗಿ ಕಾಣುತ್ತಿತ್ತು. ನನ್ನ ತಮ್ಮ ಅವನಂತೆ ಗುದ್ದಲು ಹೋಗಿ ಕೈ ನೋಯಿಸಿಕೊಂಡು ಅತ್ತಿದ್ದೂ ಉಂಟು.

ಊರ ಬಡಿಯ ತರಗತಿಗಳು ಮುಗಿದ ಮೇಲೆ ಕಂಗ್ಟಿಯ ಹೈಸ್ಕೂಲಿಗೆ ಹೋಗಬೇಕಾಯಿತು. ನಾನು ಮತ್ತು ಗೆಳತಿ ತುಳಜಾ ಇಬ್ಬರೇ. ಹೊಲಗಳ ನಡುವಿನ ಬಂಡಿದಾರಿ ಹಿಡಿದು ಡಾಂಬರು ರಸ್ತೆಗೆ ಬಂದರೆ ಅಲ್ಲಿ ಬಸ್ಸು. ಮಳೆಗಾಲ ಕಳೆದು ಜೋಳ ಆಳೆತ್ತರ ಬೆಳೆದಾಗ ಆ ದಾರಿ ಎರಡು ಗೋಡೆಗಳ ನಡುವಿನ ಓಣಿಯಂತೆ ಆಗುತ್ತಿತ್ತು. ಆ ವರ್ಷ ಬೇರೆ ಊರಿನಿಂದ ಬಂದ ಒಬ್ಬ ಟ್ರ್ಯಾಕ್ಟರ್ ಓಡಿಸುವವನು ದಾರಿಯ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ನಮಗಾಗಿ ಕಾಯತೊಡಗಿದ. ಮೊದಲು ಹಾಡು, ಆಮೇಲೆ ಮಾತು, ಆಮೇಲೆ ಅಡ್ಡ ಬಂದು ನಿಲ್ಲುವುದು. ಒಂದು ದಿನ ತುಳಜಾಳ ಜಡೆ ಹಿಡಿದು ಎಳೆದ. ಮರುದಿನದಿಂದ ತುಳಜಾಳನ್ನು, ಕಾರಣ ಹೊರಗೆ ಬಿಡದೆ, ಬಡಿ ಬಿಡಿಸಿದರು. ಟ್ರ್ಯಾಕ್ಟರ್ ಬಿಡಿಸುವ ಮಾತು ಯಾರೂ ಆಡಲಿಲ್ಲ. ನಾನು ಮನೆಯಲ್ಲಿ ಉಸಿರೆತ್ತಲಿಲ್ಲ, ಹೇಳಿದರೆ ನನ್ನದೂ ಅದೇ ಗತಿ ಎಂದು ಗೊತ್ತಿತ್ತು. ಎಲ್ಲರಿಗಿಂತ ಮೊದಲು ನನ್ನ ಮುಖ ನೋಡಿ ತಿಳಿದುಕೊಂಡವಳು ಆಯಿ. ಒಂದು ಬೆಳಿಗ್ಗೆ ನನ್ನನ್ನು ದನ ಕಟ್ಟುವ ಕಡೆ ಕರೆದೊಯ್ದು, ಪಾಟೀಚೀಲದ ಪುಸ್ತಕಗಳ ನಡುವೆ ಹುಲ್ಲು ಕೊಯ್ಯುವ ಸಣ್ಣ ಕುಡುಗೋಲನ್ನು ತುರುಕಿದಳು. ನೆಲದ ಮೇಲೆ ಇಡಲಿಲ್ಲ, ಕೈಗೂ ಕೊಡಲಿಲ್ಲ. ಶಾಸ್ತ್ರ ಮುರಿಯದೆ ಕೆಲಸ ಮಾಡುವುದು ಆಯಿಗೆ ಚೆನ್ನಾಗಿ ಗೊತ್ತಿತ್ತು.

“ಮೈ ಮ್ಯಾಲ ಬಂದ್ರ ಎಳದ್ ಬಿಡು. ನಿಮ್ಮ ಅವ್ವಗ ಹೇಳಬ್ಯಾಡ.”

ಆ ಚೀಲ ಹೊತ್ತು ಹೋದ ದಿನಗಳಲ್ಲಿ ನನ್ನ ಅಂಜಿಕೆ ಕಡಿಮೆಯಾಗಲಿಲ್ಲ, ಜಾಸ್ತಿ ಆಯಿತು. ಮೊದಲು ಅವನಿಗೆ ಮಾತ್ರ ಅಂಜುತ್ತಿದ್ದೆ. ಈಗ ಚೀಲಕ್ಕೂ ಅಂಜತೊಡಗಿದೆ. ಪುಸ್ತಕ ತೆಗೆಯುವಾಗ ಮಾಸ್ತರರು ನೋಡಿದರೆ, ಬಸ್ಸಿನಲ್ಲಿ ಯಾರಿಗಾದರೂ ತಗುಲಿದರೆ, ಅವನೇ ಕಿತ್ತುಕೊಂಡರೆ. ತೆಲುಗು ವಾಚಕದ ರಟ್ಟು ಕೊಯ್ದುಹೋಯಿತು. ಸಂಜೆ ಅಪ್ಪ ಬರುವ ಮೊದಲು ಆಯಿ ಕುಡುಗೋಲನ್ನು ಗೂಟಕ್ಕೆ ತೂಗುಹಾಕಿ, ಬೆಳಿಗ್ಗೆ ಮತ್ತೆ ಚೀಲ ಸೇರಿಸುತ್ತಿದ್ದಳು. ಅಷ್ಟರಲ್ಲಿ ದಸರೆಯ ರಜೆ ಬಂತು. ಚೀಲವನ್ನು ಕಾಳಿನ ಗುಡಾಣದ ಹಿಂದೆ ತಳ್ಳಿ ನಾನು ಅದನ್ನು ಮರೆಯಲು ನೋಡಿದೆ. ಆಯಿ ನಿಜವಾಗಿಯೂ ಮರೆತಳು.

ನವಮಿಯ ದಿನ ನಮ್ಮಲ್ಲಿ ಖಂಡೆ ಪೂಜೆ. ಮನೆಯಲ್ಲಿರುವ ಹರಿತವಾದದ್ದೆಲ್ಲ ಅವತ್ತು ದೇವರ ಜಗಲಿಯ ಮುಂದೆ ಬರಬೇಕು. ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ ಮೇಲೆ ಮರುದಿನ ಬನ್ನಿ ಮುಡಿಯುವತನಕ ಯಾರೂ ಅವನ್ನು ಮುಟ್ಟುವಂತಿಲ್ಲ. ಈಳಿಗೆಯೂ ದೇವರಾಗಿ ಕೂತಿರುತ್ತಿದ್ದರಿಂದ ಅವತ್ತಿನ ಅಡುಗೆಯಲ್ಲಿ ಹೆಚ್ಚಿದ್ದು ಏನೂ ಇರುತ್ತಿರಲಿಲ್ಲ. ಪುಂಡಿಪಲ್ಯದ ಎಲೆಯನ್ನು ಬೆರಳಲ್ಲೇ ಬಿಡಿಸಬೇಕು, ಚವಳಿಕಾಯಿ ಕೈಯಲ್ಲೇ ಮುರಿಯಬೇಕು, ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯಬೇಕು. ವರ್ಷಕ್ಕೊಂದು ದಿನ ಇಡೀ ಮನೆ ಮಾಮಾನಂತೆ ಉಣ್ಣುತ್ತಿತ್ತು. ಪೂಜೆಯ ಯಜಮಾನಿಕೆ ಆಯಿಯದು. ಅವಳು ಕಂಬಕ್ಕೆ ಒರಗಿ ಕೂತು ಒಂದೊಂದನ್ನೇ ಹೆಸರು ಹಿಡಿದು ಕರೆಯುವಳು, ಅಪ್ಪ ತಂದು ಇಡುವನು.

“ಸಣ್ಣ ಕುಡಗೋಲ ಎಲ್ಲಿ?”

ಅಪ್ಪ ಗೋಡೆ ನೋಡಿದ. ಗೂಟ ಖಾಲಿ ಇತ್ತು. ರಜೆಯಲ್ಲಿ ಅವ್ವ ಹುಲ್ಲಿಗೆ ಒಯ್ದು ಹೊಲದಲ್ಲಿ ಹಕ್ಕಿ ಕಾಯುವ ಅಟ್ಟದ ಮೇಲೆ ಇಟ್ಟಿರಬೇಕೆಂದು ಅವನು ಸುಮ್ಮನಿದ್ದನಂತೆ. ಅವ್ವ ನಾನು ಒಯ್ದಿಲ್ಲ ಎಂದಳು. ಅಲ್ಲಿಗೆ ಆಯಿಯ ಬಾಯಿ ತೆರೆಯಿತು.

“ಒಂದು ಕಬ್ಬಣ ಕಡಿಮಿ ಇಟ್ಟು ಪೂಜಿ ಮಾಡಿದ್ರ ಅದು ಸಿಟ್ಟಾಗಿ ಮನಿ ಮಂದಿಗೇ ತಿರಗ್ತದ. ಅದು ಬರೋತನ ನಾ ಕಾಯಿ ಒಡಿಸಂಗಿಲ್ಲ. ಯಾರ ಮನಿಗಿ ಕೊಟ್ಟೀ ಹೇಳು ಸೊಸಿ? ಕೊಟ್ಟು ಮರೆಯೋ ಚಾಳಿ ನಿಂದು!”

ಅವ್ವ ಮನೆಯೆಲ್ಲ ಹುಡುಕಿದಳು. ತಮ್ಮ ಮಾಳಿಗೆ ಹತ್ತಿ ಬಂದ. ಅಪ್ಪ ಹೊಲಕ್ಕೆ ಹೋಗಿ ಬಂದ. ಹೋಳಿಗೆ ಆರುತ್ತಿತ್ತು, ನಾನು ಗುಡಾಣದ ಪಕ್ಕ ಕಲ್ಲಿನಂತೆ ನಿಂತಿದ್ದೆ. ಬೈಯುತ್ತ ಬೈಯುತ್ತ ಆಯಿಯ ಕಣ್ಣು ನನ್ನ ಮೇಲೆ ಬಿತ್ತು, ಅಲ್ಲಿಂದ ಗುಡಾಣದ ಹಿಂದೆ ಹೋಯಿತು. ಅರ್ಧ ಬೈಗುಳ ಬಾಯಲ್ಲೇ ನಿಂತಿತು. ಅಷ್ಟು ಮಾತಿನ ಮುದುಕಿ ಮಾತಿಲ್ಲದೆ ಕೂತದ್ದನ್ನು ನಾನು ಅವತ್ತೊಂದೇ ದಿನ ನೋಡಿದ್ದು. ಪೂಜೆ ಬಿಡುವಂತಿಲ್ಲ, ಗುಟ್ಟು ಹೇಳುವಂತಿಲ್ಲ. ಕೊನೆಗೆ ದೇವರೇ ಗೆದ್ದ.

“ನೀಲಾ, ತಾ ಅದು” ಎಂದಳು ಸಣ್ಣ ದನಿಯಲ್ಲಿ.

ನಾನು ಚೀಲ ತಂದು ಅದರೊಳಗಿನ ಕುಡುಗೋಲನ್ನು ನೆಲದ ಮೇಲೆ ಇಟ್ಟೆ. ಅದರ ಹಲ್ಲಿಗೆ ತೆಲುಗು ಪುಸ್ತಕದ ಚೂರು ಕಾಗದ ಅಂಟಿತ್ತು. ಯಾಕೆ, ಯಾರು, ಎಲ್ಲಿ ಎಂಬುದೆಲ್ಲ ಒಂದೊಂದಾಗಿ ಹೊರಬಂತು. ಅಪ್ಪ ಬೈಯಲಿಲ್ಲ. ಅವ್ವನೂ ಬೈಯಲಿಲ್ಲ. ಅವಳು ಅಲ್ಲೇ ಕೂತು, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಕೊಯ್ದ ಪುಸ್ತಕದ ಮೇಲೆ ಕೈಯಾಡಿಸತೊಡಗಿದಳು.

“ನಮ್ಮ ಅಣ್ಣ ಭೀ ಹೊಡಿಯಾಕ ಒಯ್ದಿದ್ದಿಲ್ಲ. ಅಂಜಿಸಾಕ ಒಯ್ದಿದ್ದ” ಎಂದಳು. ನಾನು ಆ ಕಥೆ ಕೇಳಿದ್ದು ಆಗಲೇ. ಬದುವಿನ ಜಗಳವಂತೆ. ಮಾಮಾ ಬರೀ ಬೆದರಿಸಲೆಂದು ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಹೋದ. ಬದುವಿನಾಚೆಯ ಹೊಲದವನ ಬಲಗೈ ಅವತ್ತಿನಿಂದ ಮೇಲೆ ಏಳಲಿಲ್ಲ. ಮಾಮಾ ಜೈಲಿಗೆ ಹೋದ. ಅವ್ವನ ಮದುವೆಗೆ ಬಂದಿದ್ದ ಸಂಬಂಧಗಳು ತಿರುಗಿ ಹೋದವು. “ಸಾಕು, ಇನ್ನ ಬಡಿ ಬ್ಯಾಡ” ಎಂದಳು ಅವ್ವ. “ಮನ್ಯಾಗ ಇದ್ದು ಜೀವಂತ ಇರಲಿ. ನನ್ನ ಮಗಳ ಕೈಲೆ ಇನ್ನೊಂದು ಕೈ ಹೋಗೋದು ಬ್ಯಾಡ.”

“ಮನ್ಯಾಗ ಕುಂದರಿಸಿದ್ರ ಆ ಪೋರ ಇನ್ನೊಬ್ಬಾಕಿಗಿ ಕಾಯ್ತಾನ” ಎಂದಳು ಆಯಿ.

“ನೀವು ಸುಮ್ಮ ಕುಂದರ್ರಿ ಅತ್ತಿ. ಕೂಸಿನ ಚೀಲದಾಗ ಕುಡಗೋಲ ಇಟ್ಟವರು ನೀವು.”

ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಕುಡುಗೋಲನ್ನು ತೊಳೆದು, ಕಾಗದದ ಚೂರನ್ನು ಉಗುರಿನಿಂದ ಬಿಡಿಸಿ, ಸಾಲಿನ ಕೊನೆಯಲ್ಲಿ ಇಟ್ಟು ಕಾಯಿ ಒಡೆದ. ಊಟಕ್ಕೆ ಕೂತಾಗ ಉಳ್ಳಾಗಡ್ಡಿ ಗುದ್ದುವ ಸಪ್ಪಳ ಮಾತ್ರ. ನನಗೆ ಬಡಿ ಅಂದರೆ ಅಂಥ ಪ್ರೀತಿಯೇನೂ ಇರಲಿಲ್ಲ, ಲೆಕ್ಕದಲ್ಲಿ ಯಾವಾಗಲೂ ಹಿಂದೆಯೇ. ಆದರೆ ಅದು ಹೋಗುತ್ತದೆ ಎಂದಾಗ ಎದ್ದು ಹೋಗಿ ಕೊಯ್ದ ವಾಚಕದ ರಟ್ಟಿಗೆ ಅನ್ನದ ಅಂಟು ಹಚ್ಚಿ ಕೂಡಿಸಿದೆ.

ಮರುದಿನ ದಸರೆ. ಮಾಮಾ ಪ್ರತಿ ವರ್ಷದಂತೆ ಬನ್ನಿ ಕೊಡಲು ಬಂದ. ನಮ್ಮಲ್ಲಿಗೆ ಬರುವ ಮೊದಲು ಅವನು ಒಂದು ಮನೆಗೆ ಹೋಗಿಯೇ ಬರುತ್ತಿದ್ದ. ಬದುವಿನಾಚೆಯ ಹೊಲದವನ ಮನೆಗೆ. ಜೈಲಿನಿಂದ ಬಂದ ವರ್ಷ ಅವರು ಇವನನ್ನು ದೂರದಿಂದ ಕಂಡೇ ಕದ ಹಾಕಿಕೊಂಡರಂತೆ. ಇವನು ಬನ್ನಿಯ ಎಲೆಗಳನ್ನು ಹೊಸ್ತಿಲ ಮೇಲಿಟ್ಟು ಬಂದ. ಮುಂದಿನ ವರ್ಷವೂ ಹಾಗೆಯೇ. ಹೀಗೆ ಹೊಸ್ತಿಲಿಗೆ ಬನ್ನಿ ಕೊಡುತ್ತ ಹೋದಂತೆ, ಒಂದು ದಸರೆಯ ದಿನ ಕದ ತೆರೆದಿತ್ತು; ಆ ಮನುಷ್ಯ ಎಡಗೈ ಚಾಚಿ ಎಲೆ ತೆಗೆದುಕೊಂಡಿದ್ದ. ಇದನ್ನೆಲ್ಲ ಮಾಮಾ ಹೇಳಿದ್ದು ಅವತ್ತು, ನನ್ನ ಸಂಗತಿ ಕೇಳಿದ ಮೇಲೆ, ಕಟ್ಟೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು.

“ನೀಲಾ, ಕೊಡ್ಲಿ ಕೈಯಾಗ ಇದ್ದಾಗ ಕಿವಿ ಕೇಳಂಗಿಲ್ಲ. ಅವ ಏನೋ ಹೇಳ್ಲತ್ತಿದ್ದ. ಬಾಯಿ ಆಡೋದು ಕಂಡಿತ್ತು, ಮಾತು ಕೇಳಿದ್ದಿಲ್ಲ. ಆಮ್ಯಾಲ ಕೋರ್ಟಿನ್ಯಾಗ ತಿಳೀತು. ‘ಬದು ನೀನೇ ಇಟ್ಕೋ ಮಾರಾಯಾ’ ಅಂದಿದ್ದನಂತ.”

ಮಾಮಾನ ದೊಡ್ಡ ಕೈ ನನ್ನ ತಲೆಯ ಮೇಲಿತ್ತು. ಆಮೇಲೆ ಅವನು ಒಳಗೆ ಹೋಗಿ ಅವ್ವನಿಗೆ ಬನ್ನಿ ಕೊಟ್ಟು ಹೇಳಿದ.

“ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಬ್ಯಾಡ ತಂಗಿ. ತಪ್ಪು ಮಾಡಿದವ ನಾ. ಅದಕ್ಕ ಈ ಹುಡಗಿ ಯಾಕ ಮನ್ಯಾಗ ಕುಂದರಬೇಕು?”

ಅವ್ವ ಬನ್ನಿಯ ಎಲೆಗಳನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ನಂತರ ಎದ್ದು ಉಡಿಯ ತುಂಬ ಬನ್ನಿ ಕಟ್ಟಿಕೊಂಡು ನನ್ನ ಕೈ ಹಿಡಿದಳು. ಎಲ್ಲಿಗೆ ಎಂದರೆ ಹೇಳಲಿಲ್ಲ. ಊರ ಹಿರಿಯರ ಮನೆಗಳ ಕಡೆ ಹೋಗಬೇಕಾದವಳು ಬಂಡಿದಾರಿಗೆ ಇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಕೊಡಲಿ ಮುಟ್ಟದ ನನ್ನ ಅವ್ವ ಕವಣೆ ಬೀಸುವುದರಲ್ಲಿ ಆ ದಾರಿಗೆಲ್ಲ ಹೆಸರಾದವಳು. ದಸರೆಯ ಹೊತ್ತಿಗೆ ಮುಂಗಾರಿ ಜೋಳ ಹಾಲುಗಾಳು ಕಟ್ಟುತ್ತದೆ, ಗಿಳಿ ಗುಬ್ಬಿಗಳು ದಂಡುಗಟ್ಟಿ ಇಳಿಯುತ್ತವೆ. ಪ್ರತಿ ಹೊಲದ ನಡುವೆ ನಾಲ್ಕು ಕಂಬದ ಅಟ್ಟ ಕಟ್ಟಿ ಹೆಂಗಸರು ಹತ್ತಿ ನಿಲ್ಲುತ್ತಾರೆ. ಬೆಳಿಗ್ಗೆ ಮತ್ತು ಸಂಜೆ ಹಕ್ಕಿಗಳ ಹೊತ್ತು. ಒಬ್ಬಳು “ಹೋ…” ಎಂದು ಕೂಗಿದರೆ ಎದ್ದ ಹಕ್ಕಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಆದ್ದರಿಂದ ಪಕ್ಕದವಳೂ ಕೂಗಬೇಕು, ಅವಳ ಪಕ್ಕದವಳೂ ಕೂಗಬೇಕು. ಹೀಗೆ ಒಂದು ಕೂಗು ಊರಿನಿಂದ ರಸ್ತೆಯವರೆಗೆ ಹೋಗಿ ಮುಟ್ಟುತ್ತಿತ್ತು. ಅವ್ವ ಕವಣೆಯಲ್ಲಿ ಕಲ್ಲಿಟ್ಟು ಬೀಸಿ ಬಿಟ್ಟರೆ ತುದಿಯ ದಾರ ಚಟ್ಟನೆ ಸಿಡಿಯುತ್ತಿತ್ತು, ಕಲ್ಲು ಹಕ್ಕಿಯ ಪಕ್ಕದ ತೆನೆಯನ್ನು ಸವರಿ ಹೋಗುತ್ತಿತ್ತು. ಅವಳ ಕಲ್ಲಿಗೆ ಒಂದು ಹಕ್ಕಿಯೂ ಸತ್ತದ್ದನ್ನು ನಾನು ಕಾಣೆ.

ಅವ್ವ ಅವತ್ತು ದಾರಿಯ ಎರಡೂ ಬದಿಯ ಅಟ್ಟದ ಹೆಂಗಸರಿಗೆಲ್ಲ ಬನ್ನಿ ಕೊಡುತ್ತ ಹೋದಳು. ಅಟ್ಟದಿಂದ ಕೆಳಗಿಳಿಸಿ, ಕೈಗೆ ಎಲೆ ಕೊಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೋಣು” ಎಂದು, ಆಮೇಲೆ ನನ್ನನ್ನು ಮುಂದೆ ನಿಲ್ಲಿಸಿ ಒಂದೇ ಮಾತು.

“ನನ್ನ ಮಗಳು ಈ ದಾರೀಲೆ ಬಡಿಗಿ ಹೋಗ್ತಾಳ. ಈಕಿ ದನಿ ಕೇಳಿದ್ರ ಎದ್ದು ನಿಂದರ್ರಿ, ಅಷ್ಟೇ.”

ಎಲ್ಲರೂ ಆತು ಎಂದರು. ಹುಣಸೆಮರಕ್ಕೆ ಹತ್ತಿರದ ಹೊಲ ಮಾತ್ರ ಗುಂಡಮ್ಮನದು. ನಮ್ಮ ಎಮ್ಮೆ ಅವಳ ಕಡಲೆ ಮೇಯ್ದ ದಿನದಿಂದ ಅವಳಿಗೂ ನಮ್ಮ ಆಯಿಗೂ ಮಾತಿರಲಿಲ್ಲ. ಅವಳು ಅಟ್ಟದಿಂದ ಇಳಿಯಲಿಲ್ಲ. ಅವ್ವನೇ ಏಣಿ ಹತ್ತಿ ಹೋಗಿ ಬನ್ನಿ ಕೊಟ್ಟಳು. ಗುಂಡಮ್ಮ ತೆಗೆದುಕೊಂಡಳು, ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಉಳಿದ ರಜೆಯ ದಿನಗಳೆಲ್ಲ ಅವ್ವ ನನ್ನನ್ನು ಅಟ್ಟದ ಮೇಲೆ ನಿಲ್ಲಿಸಿ ಕೂಗು ಕಲಿಸಿದಳು. ನಾನು ಬಾಯಿ ತೆರೆದರೆ ನಾಚಿಕೆಗೆ ದನಿ ಅಲ್ಲೇ ಸಾಯುತ್ತಿತ್ತು.

“ಅವ್ವಾ, ಯಾವ ಭಾಷಾದಾಗ ಚೀರಬೇಕು? ಅವಗ ಕನ್ನಡ ಬರಂಗಿಲ್ಲ.”

“ಹಕ್ಕಿಗಿ ಬರ್ತದೇನು? ಹೊಟ್ಟಿಲಿಂದ ಚೀರು.”

ಕವಣೆಯನ್ನೂ ಕೈಗೆ ಕೊಟ್ಟಳು. ನಾನು ಹಕ್ಕಿಗೆ ಗುರಿಯಿಟ್ಟರೆ ಮೊಣಕೈ ತಳ್ಳಿ ತಪ್ಪಿಸುವಳು.

“ಬಾಜೂಕ ಹೊಡಿ. ಸತ್ತ ಹಕ್ಕಿ ಇನ್ನೊಂದು ಹಕ್ಕಿಗಿ ಬುದ್ಧಿ ಹೇಳಂಗಿಲ್ಲ. ಅಂಜಿ ಹಾರಿದ್ದು ಹತ್ತಕ್ಕ ಹೇಳ್ತದ.”

“ಮಾಮಾ ಭೀ ಅಂಜಿಸಾಕೇ ಹೋಗಿದ್ದ ಅಲ್ಲ?” ಎಂದು ನಾನು ಕೇಳಿಬಿಟ್ಟೆ. ಅವ್ವನ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಅವಳು ಜೋಳದ ತೆನೆಗಳ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು.

“ಹೋಗಿದ್ದ. ಭಾಳ ಸನೇಕ ಹೋದ. ಕೊಡ್ಲಿ ಹಿಡಿದವ ಸನೇಕೇ ಹೋಗಬೇಕು, ಕವಣಿ ಹಿಡಿದವ ದೂರ ನಿಂದರಬೇಕು. ದೂರ ಇದ್ರ ವಿಚಾರ ಮಾಡಾಕ ಪುರಸೊತ್ತು ಇರ್ತದ, ಓಡಿ ಹೋಗಾಕ ಭೀ ದಾರಿ ಇರ್ತದ. ನೀ ಯಾವಾಗಲೂ ದೂರ ಇರು.”

ಬಡಿ ಶುರುವಾಗುವ ದಿನ ಅಪ್ಪ ಒಂದು ಬಿದಿರ ಬಡಿಗೆಯನ್ನು ಬೆಂಕಿಗೆ ಹಿಡಿದು ನೇರ ಮಾಡಿ ಬಾಗಿಲ ಪಕ್ಕ ಒರಗಿಸಿದ್ದ. “ಹಿಡಿಯೋದಿದ್ರ ಎಲ್ಲರಿಗೂ ಕಾಣೋ ಹಂಗ ಹಿಡಿ” ಎಂದ. ನನ್ನ ಎತ್ತರಕ್ಕಿಂತ ಅದೇ ಎತ್ತರ. ಬಸ್ಸಿನ ಕಂಡಕ್ಟರ್ ನನ್ನನ್ನು ನೋಡಿ “ಗೊರ್ರೆಲು ಎಕ್ಕಡ?” ಎಂದು ಕೇಳಿದ, ನಿನ್ನ ಕುರಿ ಎಲ್ಲಿ ಅಂತ. ಬಸ್ಸೆಲ್ಲ ನಕ್ಕಿತು. ಮರುದಿನದಿಂದ ಬಡಿಗೆಯನ್ನು ರಸ್ತೆಯ ಚಹಾದಂಗಡಿಯಲ್ಲಿ ಬಿಟ್ಟು ಬಸ್ಸು ಹತ್ತುತ್ತಿದ್ದೆ.

ಬರಬೇಕಾದ ಸಂಜೆ ಬಂದೇ ಬಂತು. ನಾನೊಬ್ಬಳೇ ಬಂಡಿದಾರಿಯಲ್ಲಿ. ಹುಣಸೆಮರದ ಕೆಳಗೆ ಟ್ರ್ಯಾಕ್ಟರ್ ದಾರಿಗೆ ಅಡ್ಡ ನಿಂತಿತ್ತು. ಅವನು ಇಳಿದು ಬಂದ. ಅವನು ಆಡಿದ ಮಾತು ಬರೆಯುವಂಥದ್ದಲ್ಲ. ನಾನು ಬಡಿಗೆ ಮುಂದೆ ಹಿಡಿದು ಹಿಂದೆ ಹಿಂದೆ ಸರಿದೆ. ಬಾಯಿ ತೆರೆದೆ, ದನಿ ಇಲ್ಲ. ಕಲಿತದ್ದೆಲ್ಲ ಎಲ್ಲಿ ಹೋಯಿತೋ. ಅವನು ನಗುತ್ತ ಬಡಿಗೆಯ ತುದಿ ಹಿಡಿದುಕೊಂಡ. ನಾನು ಅದನ್ನು ಅವನ ಕೈಯಲ್ಲೇ ಬಿಟ್ಟು ಎರಡು ಮಾರು ಹಿಂದಕ್ಕೆ ಜಿಗಿದೆ, ಆ ಜಿಗಿತಕ್ಕೆ ಹೊಟ್ಟೆಯೊಳಗಿನಿಂದ ಸಣ್ಣಗೆ ಒಂದು “ಹೋ…” ಹೊರಬಿತ್ತು.

ಗುಂಡಮ್ಮನ ಅಟ್ಟದ ಮೇಲೆ ಒಂದು ತಲೆ ಎದ್ದಿತು. “ಹೋ…” ಎಂದು ಅವಳು ಕೂಗಿದ ಕೂಗಿಗೆ ಮರದ ಮೇಲಿನ ಗಿಳಿಗಳೆಲ್ಲ ಎದ್ದವು. ಅವಳ ಹಿಂದೆ ಮತ್ತೊಂದು ಅಟ್ಟ, ಮತ್ತೊಂದು. ದಾರಿಯ ಎರಡೂ ಕಡೆ ಜೋಳದ ಮೇಲೆ ಹೆಂಗಸರು ಎದ್ದು ನಿಂತಿದ್ದರು, ಕೈಯಲ್ಲಿ ಕವಣೆ ತಿರುಗುತ್ತಿತ್ತು. ದೂರದಲ್ಲಿ ನನ್ನ ಅವ್ವನ ದನಿಯೂ ಕೇಳಿತು. ಗುಂಡಮ್ಮನ ಕಲ್ಲು ಬಂದು ಟ್ರ್ಯಾಕ್ಟರಿನ ಮುಂದಿನ ಗಾಲಿಯ ಪಕ್ಕ ಧೂಳೆಬ್ಬಿಸಿತು. ಅವನು ನನ್ನ ಬಡಿಗೆ ಬಿಸಾಕಿ, ಗಾಡಿ ಹತ್ತಿ, ತಿರುಗಿಸಲು ಜಾಗ ಸಾಲದೆ ಹಿಂದಕ್ಕೇ ಓಡಿಸಿಕೊಂಡು ಹೋದ. ನಾನು ಅಲ್ಲೇ ಕೂತು ಅತ್ತೆ. ಗುಂಡಮ್ಮ ಇಳಿದು ಬಂದಳು, ಸಮಾಧಾನ ಮಾಡುತ್ತಾಳೆ ಅಂದುಕೊಂಡೆ.

“ಏನ್ ದನಿ ಅದು? ಗುಬ್ಬಿ ಭೀ ಏಳಂಗಿಲ್ಲ. ನಿಮ್ಮ ಆಯಿ ಬೈಯೋದು ನೋಡಿ ಕಲಿ!”

ಸುಗ್ಗಿಯಾಗಿ ಅಟ್ಟಗಳು ಇಳಿದ ಮೇಲೂ ಅವನು ಆ ದಾರಿಯಲ್ಲಿ ನಿಲ್ಲಲಿಲ್ಲ. ಯಾವ ಬದುವಿನ ಮರೆಯಲ್ಲಿ ಯಾರು ಕಳೆ ಕೀಳುತ್ತ ಕೂತಿದ್ದಾರೋ ಅವನಿಗೇನು ಗೊತ್ತು. ದೀಪಾವಳಿ ಕಳೆದ ಮೇಲೆ ತುಳಜಾ ಮತ್ತೆ ಬಡಿ ಸೇರಿದಳು. ಆ ಸಣ್ಣ ಕುಡುಗೋಲು ತನ್ನ ಗೂಟಕ್ಕೆ ಹೋಯಿತು. ಆಯಿ ಮತ್ತು ಗುಂಡಮ್ಮ ಮಾತಾಡತೊಡಗಿದರು, ಮಾತಾಡತೊಡಗಿದ್ದರಿಂದ ಮತ್ತೆ ಜಗಳಾಡತೊಡಗಿದರು.

ಇದನ್ನೆಲ್ಲ ನಾನು ಶ್ರೇಯಾಳಿಗೆ ಹೇಳಿದೆ. ತೆಲುಗು ಗೆಳತಿಯರಿಂದ ಕಲಿತು ಅವಳು ನನ್ನನ್ನು ಅಮ್ಮಮ್ಮ ಎನ್ನುತ್ತಾಳೆ. ಕೊನೆಯತನಕ ಕೇಳಿ, ಚಾಕುವನ್ನು ಮಡಿಚಿ ತೆರೆದು ಮಾಡುತ್ತ, ಅವಳು ಕೇಳಿದಳು.

“ಚಲೋ ಅದ ಅಮ್ಮಮ್ಮಾ. ಖರೆ ಈ ಗಲ್ಲ್ಯಾಗ ಜ್ವಾಳ ಎಲ್ಲಿ ಅದ? ಅಟ್ಟ ಎಲ್ಲಿ ಅದ? ನಾ ಚೀರಿದ್ರ ಯಾರು ಏಳ್ತಾರ?”

ಈ ಗಲ್ಲಿಗೆ ಬಂದು ಇಷ್ಟು ವರ್ಷವಾದರೂ ಎಷ್ಟೋ ಮನೆಯವರ ಹೆಸರು ನನಗೆ ತಿಳಿಯದು. ಎಲ್ಲರದೂ ಕಬ್ಬಿಣದ ಗೇಟು, ಒಳಗೆ ಟಿವಿ.

ನವಮಿಯ ದಿನ ಖಂಡೆ ಪೂಜೆಗೆ ಕೂತೆವು. ಈಗ ಕೊಡಲಿ, ಭರ್ಚಿ ಎಲ್ಲಿಂದ ಬರಬೇಕು. ಈಳಿಗೆ, ಎರಡು ಚಾಕು, ಕತ್ತರಿ, ಮಿಕ್ಸರಿನ ಅಲಗು, ಹೊರಗೆ ಸ್ಕೂಟಿ. ನಾನು ಶ್ರೇಯಾಳ ಕಡೆ ನೋಡಲಿಲ್ಲ, ಆಯಿಯಂತೆ ಕೂಗಲೂ ಇಲ್ಲ. ಅವಳೇ ಎದ್ದು ಹೋಗಿ ಬ್ಯಾಗಿನಿಂದ ಚಾಕು ತೆಗೆದು ತಂದು, ತೆರೆದು, ಸಾಲಿನ ಕೊನೆಯಲ್ಲಿ ನೆಲದ ಮೇಲೆ ಇಟ್ಟಳು. ನಾನು ವಿಭೂತಿ ಹಚ್ಚಿದೆ.

“ನಾಳಿ ಬನ್ನಿ ಆದಮ್ಯಾಲ ಇದು ತಿರುಗಿ ತಗೋಬೇಕಾ, ಬ್ಯಾಡಾ?” ಎಂದಳು.

“ನಾ ಎತ್ತಿ ಕೊಡಂಗಿಲ್ಲ, ಕಸಗೊಳ್ಳಂಗೂ ಇಲ್ಲ. ನೆಲದ ಮ್ಯಾಲ ಅದ. ಬೇಕಂದ್ರ ನೀನೇ ಬಗ್ಗಿ ತಗೋ.”

ಮಂಗಲಾಳಿಗೆ ನನ್ನ ಉತ್ತರ ಹಿಡಿಸಲಿಲ್ಲ. ಅವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ ನಾನು ಮೊಮ್ಮಗಳನ್ನು ಕರೆದುಕೊಂಡು ಮಾಳಿಗೆ ಹತ್ತಿದೆ. ದೀಪ ಹಚ್ಚುವ ಹೊತ್ತು, ತಾಂಡೂರು ಕಲ್ಲಿನ ನೆಲ ಇನ್ನೂ ಬೆಚ್ಚಗಿತ್ತು. ಚೀರು ಎಂದೆ. ಅವಳು ಸುತ್ತ ನೋಡಿ ನಾಚಿ ನಕ್ಕಳು. ಏನೋ ಕೆಮ್ಮಿದಂತೆ ಮಾಡಿದಳು. ನಾನು ಗುಂಡಮ್ಮನಂತೆ ಗದರಿದೆ. ಆಗ ಅವಳು ಕಣ್ಣು ಮುಚ್ಚಿ, ಎರಡೂ ಕೈ ಮುಷ್ಟಿ ಮಾಡಿ, ಹೊಟ್ಟೆಯೊಳಗಿನಿಂದ “ಹೋ…” ಎಂದು ಚೀರಿದಳು. ಇಷ್ಟು ದಿನದ ಸಿಟ್ಟೆಲ್ಲ ಅದರಲ್ಲಿತ್ತು. ಕೆಳಗೆ ಮಂಗಲಾಳ ಕೈಯಿಂದ ತಾಟು ಬಿದ್ದ ಸಪ್ಪಳವಾಯಿತು.

ಎದುರು ಮನೆಯ ಗೇಟು ತೆರೆಯಿತು. “ಕ್ಯಾ ಹುವಾ ಬೇಟಿ?” ಪಕ್ಕದ ಮಾಳಿಗೆಯ ಮೇಲೆ ಹಿಟ್ಟಿನ ಕೈಯಲ್ಲೇ ಒಬ್ಬಳು ಓಡಿ ಬಂದಳು. “ಏಮೈಂದಿ? ಏಮೈಂದಿ?” ಗಲ್ಲಿಯ ಆ ತುದಿಯಲ್ಲಿ ಯಾರೋ ಮುದುಕ ಕೋಲು ಊರಿಕೊಂಡು ಹೊರಬಿದ್ದ. “ಏನಾತ್ರಿ? ಯಾರಿಗಿ ಏನಾತು?” ಒಂದೊಂದೇ ಕಿಟಕಿ, ಒಂದೊಂದೇ ಬಾಗಿಲು. ಏನಿಲ್ಲ, ಕೂಗು ಕಲಿಸುತ್ತಿದ್ದೆ ಎಂದು ನಾನು ಮೂರೂ ಭಾಷೆಯಲ್ಲಿ ಹೇಳಬೇಕಾಯಿತು. ಬೈಕಿನವನ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ಎದುರು ಮನೆಯವಳು ತಲೆಯ ಮೇಲಿನ ದುಪಟ್ಟಾ ಸರಿಪಡಿಸಿಕೊಂಡು, ನಾಳೆಯಿಂದ ಆ ಹೊತ್ತಿಗೆ ಗೇಟಿನಲ್ಲೇ ಕೂತು ಕಾಳು ಹಸನು ಮಾಡುತ್ತೇನೆ ಎಂದಳು. ನನ್ನ ಕಣ್ಣು ತುಂಬಿತು. ಶ್ರೇಯಾ ಮಾತ್ರ ಮಾಳಿಗೆಯ ಗೋಡೆಗೆ ಬಗ್ಗಿ, ಗಲ್ಲಿಯನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದಳು, ಅಪ್ಪ ಸಂಜೆ ಗೂಟಗಳನ್ನು ನೋಡುತ್ತಿದ್ದನಲ್ಲ, ಹಾಗೆಯೇ.

“ಅಮ್ಮಮ್ಮಾ, ಆ ಮೂಲಿ ಮನಿಯವರು ಒಳಗ ಲೈಟ್ ಅದ, ಖರೆ ಕದ ತಗಿಲಿಲ್ಲ.”

“ಹೌದು.”

“ನಾಳಿ ಬನ್ನಿ ಕೊಡಾಕ ಮೊದಲು ಅವರ ಮನಿಗೇ ಹೋಗೋಣು.”